ಸುಂಕ ಕೊಡುವವರು ಯಾರು?



ಸಂಘದ ಸಮಾರಂಭಗಳಲ್ಲಿ ಊಟದ ಸಾಲಿನಲ್ಲಿ ನಿಂತಾಗ ನೀವು ಕೇಳುವ ಪ್ರಶ್ನೆಗಳೇ ಈ ಅಂಕಣಕ್ಕೆ ಬಂಡವಾಳ. ಅವುಗಳಲ್ಲಿ ಒಂದು ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಮತ್ತೆ ಮತ್ತೆ ಬರುತ್ತದೆ: "ನನ್ನ ಕ್ರಿಶ್ಚಿಯನ್ ಗೆಳತಿ ಯಾರೊಡನೆಯಾದರೂ ಜಗಳವಾದರೆ ರಾತ್ರಿ ಪ್ರಾರ್ಥನೆ ಮಾಡುತ್ತಾಳೆ. ಬೆಳಿಗ್ಗೆ ತಾನೇ ಹೋಗಿ ಮಾತನಾಡಿಸುತ್ತಾಳೆ. ಅವಳ ಧರ್ಮ ದಿನನಿತ್ಯ ಅವಳಿಗೆ ಉಪಯೋಗಕ್ಕೆ ಬರುತ್ತದೆ. ನಮ್ಮ ಮನೆಯಲ್ಲಿ ದೇವರ ದೀಪ ಹಚ್ಚುವುದಕ್ಕೂ ನನ್ನ ರೂಮ್‌ಮೇಟ್ ಜೊತೆಗಿನ ಜಗಳಕ್ಕೂ ಏನು ಸಂಬಂಧ?"

ಒಳ್ಳೆಯ ಪ್ರಶ್ನೆ. ನಿಮ್ಮಲ್ಲಿ ಕೆಲವರು ಕ್ರೈಸ್ತ ಮನೆಗಳಲ್ಲೇ ಬೆಳೆದವರು. ಅವರ ಪ್ರಶ್ನೆ ಇನ್ನೊಂದು ಬಗೆಯದು: "ಕ್ಷಮಿಸಬೇಕೆಂದು ಚರ್ಚಿನಲ್ಲಿ ಕೇಳಿದ್ದೇವೆ. ಆದರೆ ಪ್ರತಿ ಸಲ ನಾನೇ ಏಕೆ ಸೋಲಬೇಕು?" ಎರಡೂ ಪ್ರಶ್ನೆಗಳ ಬೇರು ಒಂದೇ. ನಂಬಿಕೆ ಎನ್ನುವುದು ದೇವರ ಜೊತೆಗಿನ ವ್ಯವಹಾರ ಮಾತ್ರವೋ, ಪಕ್ಕದಲ್ಲಿರುವ ಮನುಷ್ಯನ ಜೊತೆಗಿನದೂ ಹೌದೋ? ಇದಕ್ಕೆ ಉತ್ತರ ಹುಡುಕಲು ಈ ಸಲ ನಿಮ್ಮನ್ನು ಕಾಶಿಗೆ ಕರೆದುಕೊಂಡು ಹೋಗುತ್ತೇನೆ. ದೇವಸ್ಥಾನಕ್ಕಲ್ಲ, ಒಂದು ಸ್ಮಶಾನಕ್ಕೆ. ಹೆದರಬೇಡಿ.

ಕಾಶಿಯಲ್ಲಿ ಗಂಗೆಯ ದಡದುದ್ದಕ್ಕೂ ಕಲ್ಲಿನ ಮೆಟ್ಟಿಲುಗಳ ಘಾಟುಗಳಿವೆ. ಅವುಗಳಲ್ಲಿ ಹೆಣ ಸುಡುವ ಘಾಟುಗಳು ಎರಡು: ದೊಡ್ಡದು ಮಣಿಕರ್ಣಿಕಾ, ಚಿಕ್ಕದು ಹರಿಶ್ಚಂದ್ರ ಘಾಟ್. ಹರಿಶ್ಚಂದ್ರ ಘಾಟಿನ ಪಕ್ಕಕ್ಕೆ ಹತ್ತಿಕೊಂಡೇ ನಮ್ಮದೊಂದು ಘಾಟ್ ಇದೆ ಎಂಬುದು ನಿಮಗೆ ಗೊತ್ತೇ? ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮೈಸೂರು ಸಂಸ್ಥಾನದವರು ಕಟ್ಟಿಸಿದ್ದು. ಮೊದಲು ಮೈಸೂರು ಘಾಟ್ ಎನ್ನುತ್ತಿದ್ದರು, ಈಗ ಅದು ಕರ್ನಾಟಕ ಘಾಟ್. ಕಾಶಿಯಾತ್ರೆಗೆ ಹೋದ ಎಷ್ಟೋ ಕನ್ನಡಿಗರು ಅಲ್ಲಿ ಸ್ನಾನ ಮಾಡಿ, ನಾಲ್ಕು ಹೆಜ್ಜೆ ಆಚೆ ಉರಿಯುವ ಚಿತೆಗಳನ್ನು ನೋಡಿ ಕೈ ಮುಗಿದು ಬಂದಿದ್ದಾರೆ. ನಿಮ್ಮ ಅಜ್ಜಿ ತಾತ ಹೋಗಿದ್ದರೆ ಕೇಳಿ ನೋಡಿ.

ಸತ್ಯಕ್ಕಾಗಿ ರಾಜ್ಯ ಕಳೆದುಕೊಂಡ ಹರಿಶ್ಚಂದ್ರ ಮಹಾರಾಜ ಕಾವಲು ಕಾದ ಸ್ಮಶಾನ ಇದೇ ಎಂದು ಜನ ನಂಬಿದ್ದಾರೆ. ಆ ಹೆಸರು ನಮ್ಮ ನಾಡಿಗೂ ಬಂದಿದೆ. ಬೆಂಗಳೂರಿನಲ್ಲಿ ಶ್ರೀರಾಮಪುರದ ಬಳಿಯ ಸ್ಮಶಾನಕ್ಕೂ ಹರಿಶ್ಚಂದ್ರ ಘಾಟ್ ಎಂದೇ ಹೆಸರು. ಮನೆಯಲ್ಲಿ ಯಾರಾದರೂ ಅತಿಯಾಗಿ ಪ್ರಾಮಾಣಿಕತೆ ತೋರಿಸಿದರೆ "ಬಂದ ನೋಡು, ದೊಡ್ಡ ಸತ್ಯಹರಿಶ್ಚಂದ್ರ!" ಎಂದು ಅಮ್ಮ ಹೇಳುವುದನ್ನು ನೀವೂ ಕೇಳಿರಬಹುದು. ಸಾಲ ವಸೂಲಿಗೆ ಬೆನ್ನು ಬಿಡದೆ ಕಾಡುವವನನ್ನು ನಕ್ಷತ್ರಿಕ ಎನ್ನುವುದೂ ಇದೇ ಕಥೆಯಿಂದ ಬಂದ ಮಾತು.

ಕಥೆ ಹಳೆಯದು. ಕನ್ನಡದಲ್ಲಿ ಅದನ್ನು ಎಲ್ಲರ ಮನಸ್ಸಿನಲ್ಲಿ ನೆಲೆಯಾಗುವಂತೆ ಹೇಳಿದವನು ಹಂಪೆಯ ಕವಿ ರಾಘವಾಂಕ, ಸುಮಾರು 13ನೆಯ ಶತಮಾನದಲ್ಲಿ. ಸಂಕ್ಷೇಪವಾಗಿ ಹೇಳುತ್ತೇನೆ. ಇಂದ್ರನ ಸಭೆಯಲ್ಲಿ ವಸಿಷ್ಠರು, ಹರಿಶ್ಚಂದ್ರ ಎಂದೂ ಸುಳ್ಳಾಡುವುದಿಲ್ಲ ಎನ್ನುತ್ತಾರೆ. ವಿಶ್ವಾಮಿತ್ರರು, ಆಡಿಸಿ ತೋರಿಸುತ್ತೇನೆ ಎನ್ನುತ್ತಾರೆ. ಅಲ್ಲಿಂದ ಪರೀಕ್ಷೆ ಶುರು. ರಾಜ್ಯ ಹೋಗುತ್ತದೆ. ಆದರೂ ಸಾಲ ಉಳಿಯುತ್ತದೆ. ಸಾಲ ತೀರಿಸಲು ಕಾಶಿಗೆ ಬಂದು ಹೆಂಡತಿ ಚಂದ್ರಮತಿಯನ್ನೂ ಮಗ ಲೋಹಿತಾಶ್ವನನ್ನೂ ಒಬ್ಬ ಬ್ರಾಹ್ಮಣನಿಗೆ ಮಾರುತ್ತಾನೆ. ಕೊನೆಗೆ ತನ್ನನ್ನೇ ಸ್ಮಶಾನದ ಒಡೆಯ ವೀರಬಾಹುವಿಗೆ ಮಾರಿಕೊಳ್ಳುತ್ತಾನೆ. ಅಲ್ಲಿ ಅವನ ಕೆಲಸ ಹೆಣ ತಂದವರಿಂದ ಸುಂಕ ವಸೂಲು ಮಾಡುವುದು. ಒಂದು ರಾತ್ರಿ ಹಾವು ಕಚ್ಚಿ ಸತ್ತ ಮಗನನ್ನು ಎತ್ತಿಕೊಂಡು ಚಂದ್ರಮತಿ ಅದೇ ಸ್ಮಶಾನಕ್ಕೆ ಬರುತ್ತಾಳೆ. ಸುಂಕಕ್ಕೆ ಅವಳ ಬಳಿ ಕಾಸಿಲ್ಲ. ಸತ್ತವನು ತನ್ನದೇ ಮಗನಾದರೂ ಒಡೆಯನಿಗೆ ಸಲ್ಲಬೇಕಾದ್ದನ್ನು ಬಿಡುವ ಅಧಿಕಾರ ತನಗಿಲ್ಲ ಎನ್ನುತ್ತಾನೆ ಹರಿಶ್ಚಂದ್ರ.

ಇಲ್ಲಿ ಒಂದು ವಿಷಯ ಗಮನಿಸಿ. ರಾಜ್ಯ ಬಿಟ್ಟಾಗ ಸಭೆಯೆಲ್ಲಾ ನೋಡುತ್ತಿತ್ತು. ಊರಿಗೆ ಊರೇ ಕಣ್ಣೀರು ಹಾಕಿತು. ಆದರೆ ಸ್ಮಶಾನದ ಕತ್ತಲಲ್ಲಿ ಯಾರೂ ಇರಲಿಲ್ಲ. ಸುಂಕ ಬಿಟ್ಟುಬಿಟ್ಟಿದ್ದರೆ ಒಡೆಯನಿಗೆ ತಿಳಿಯುತ್ತಲೂ ಇರಲಿಲ್ಲ. ನಂಬಿಕೆಯ ನಿಜವಾದ ಪರೀಕ್ಷೆ ವೇದಿಕೆಯ ಮೇಲೆ ಆಗುವುದಿಲ್ಲ. ಯಾರೂ ನೋಡದ ಕಡೆ, ಒಬ್ಬ ಮನುಷ್ಯನ ಎದುರು, ಒಂದು ಸಣ್ಣ ಮೊತ್ತದ ವಿಷಯದಲ್ಲಿ ಆಗುತ್ತದೆ. ನಿಮ್ಮ ಬಾಳಿನಲ್ಲೂ ಹಾಗೆಯೇ. ಯಾರೂ ನಿಮ್ಮ ರಾಜ್ಯ ಕೇಳುವುದಿಲ್ಲ. ಹೋಮ್‌ವರ್ಕ್ ಕಾಪಿ ಕೇಳುತ್ತಾರೆ. ಕಾರಿಗೆ ಗೀರು ಬಿದ್ದದ್ದು ಯಾರಿಂದ ಎಂದು ಅಪ್ಪ ಕೇಳುತ್ತಾರೆ. ಗೆಳೆಯರ ಗುಂಪು ಒಬ್ಬನನ್ನು ಆಡಿಕೊಂಡು ನಗುವಾಗ ನೀವೂ ನಗಬೇಕೆಂದು ಕಾಯುತ್ತದೆ.

ಇಲ್ಲಿಯವರೆಗೆ ಎಲ್ಲಾ ಸರಿ. ಆದರೆ ನಿಮ್ಮಲ್ಲಿ ಹಲವರು, ಮುಖ್ಯವಾಗಿ ಹುಡುಗಿಯರು, ಈ ಕಥೆ ಕೇಳಿದ ಕೂಡಲೇ ಹುಬ್ಬು ಗಂಟಿಕ್ಕುತ್ತೀರಿ. "ಮಾತು ಕೊಟ್ಟವನು ಅವನು. ಹೆಂಡತಿ ಮಗುವನ್ನು ಮಾರುವ ಹಕ್ಕು ಅವನಿಗೆ ಯಾರು ಕೊಟ್ಟರು?" ಈ ಪ್ರಶ್ನೆ ಕೇಳಿದರೆ ಹಿರಿಯರಲ್ಲಿ ಕೆಲವರು "ಪುರಾಣವನ್ನು ಹಾಗೆಲ್ಲಾ ಕೇಳಬಾರದು" ಎನ್ನುತ್ತಾರೆ. ಕೇಳಬೇಕು. ಕೇಳದಿದ್ದರೆ ಕಥೆಯ ಅರ್ಧ ಮಾತ್ರ ನಮಗೆ ದಕ್ಕುತ್ತದೆ. ಮಾರ್ಕಂಡೇಯ ಪುರಾಣದಲ್ಲಿ ಹೆಂಡತಿಯೇ ಮುಂದೆ ಬಂದು ತನ್ನನ್ನು ಮಾರಿ ಸಾಲ ತೀರಿಸಿ ಎನ್ನುತ್ತಾಳೆ. ಇರಲಿ. ಮಗುವನ್ನು ಮಾತ್ರ ಯಾರೂ ಕೇಳಲಿಲ್ಲ. ಗಂಡನ ವ್ರತದ ಸುಂಕವನ್ನು ಹೆಂಡತಿ ಮಕ್ಕಳು ಕಟ್ಟಿದರು.

ರಾಘವಾಂಕ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತಾನೆ. ವಿಶ್ವಾಮಿತ್ರರು ಕಳಿಸಿದ ಇಬ್ಬರು ಹಾಡುಗಾರ್ತಿಯರು ರಾಜನ ಮುಂದೆ ಹಾಡುತ್ತಾರೆ. ಅವರು ಆಗಿನ ಸಮಾಜ ಮುಟ್ಟಬಾರದೆಂದು ದೂರ ಇಟ್ಟ ಕುಲದವರು. ರಾಜ ಮೆಚ್ಚಿ ಬಹುಮಾನ ಕೊಡುತ್ತಾನೆ. ನಮ್ಮನ್ನು ಮದುವೆಯಾಗು ಎಂದು ಕೇಳಿದಾಗ ಮಾತ್ರ ಕುಲದ ಮಾತೆತ್ತಿ ಸಿಟ್ಟಾಗುತ್ತಾನೆ. ಆಗ ಆ ಹೆಣ್ಣುಮಕ್ಕಳು ಒಂದು ವಾದ ಹೂಡುತ್ತಾರೆ. ನಮ್ಮ ಹಾಡು ಕೇಳಿದ ನಿನ್ನ ಕಿವಿಗೆ ಮೈಲಿಗೆಯಿಲ್ಲ, ನಮ್ಮ ರೂಪ ಕಂಡ ಕಣ್ಣಿಗೆ ಮೈಲಿಗೆಯಿಲ್ಲ, ಮುಟ್ಟಿದರೆ ಮಾತ್ರ ಮೈಲಿಗೆ ಹೇಗೆ ಎಂಬುದು ಅದರ ಸಾರಾಂಶ. ರಾಜನ ಬಳಿ ಇದಕ್ಕೆ ಸರಿಯಾದ ಉತ್ತರವಿಲ್ಲ. ಹೊಡೆದು ಓಡಿಸುತ್ತಾನೆ. ಅದೇ ರಾಜ ಮುಂದೆ ಕಾಶಿಯಲ್ಲಿ ಅಂಥದೇ ಕುಲದ ಒಡೆಯನ ಮುಂದೆ ಕೈ ಕಟ್ಟಿ ನಿಲ್ಲಬೇಕಾಗುತ್ತದೆ. ಅವನನ್ನು ಬೇರೆ ಯಾರೂ ಕೊಳ್ಳುವುದಿಲ್ಲ. 1965ರ 'ಸತ್ಯ ಹರಿಶ್ಚಂದ್ರ' ಚಿತ್ರದಲ್ಲಿ ಡಾ. ರಾಜ್‌ಕುಮಾರ್ ಎದುರು ಎಂ.ಪಿ. ಶಂಕರ್ ವೀರಬಾಹುವಾಗಿ ನಿಂತ ಠೀವಿಯನ್ನು ನಿಮ್ಮ ಅಪ್ಪ ಅಮ್ಮ ಇನ್ನೂ ಮರೆತಿಲ್ಲ. ಚಿತ್ರ ಸಿಕ್ಕಿದರೆ ಅವರೊಡನೆ ಕುಳಿತು ನೋಡಿ.

ಸತ್ಯ ಹೇಳುವುದರಲ್ಲಿ ಒಂದು ಕೂದಲೆಳೆಯೂ ತಪ್ಪದವನು ಎದುರಿಗಿರುವ ಮನುಷ್ಯರನ್ನು ನೋಡುವುದರಲ್ಲಿ ತಪ್ಪಿದ. ಸತ್ಯದ ಜೊತೆಗೆ ಅವನು ಕಲಿಯಬೇಕಾದದ್ದು ಇನ್ನೂ ಇತ್ತು. ಅದನ್ನು ಸಿಂಹಾಸನ ಕಲಿಸಲಿಲ್ಲ, ಸ್ಮಶಾನ ಕಲಿಸಿತು. ಮಾರ್ಕಂಡೇಯ ಪುರಾಣದ ಕೊನೆ ನೋಡಿ. ದೇವತೆಗಳು ಪ್ರತ್ಯಕ್ಷವಾಗಿ ಸ್ವರ್ಗಕ್ಕೆ ಬಾ ಎನ್ನುತ್ತಾರೆ. ಅವನು ಎರಡು ಮಾತು ಹೇಳುತ್ತಾನೆ. ಒಂದು, ನನ್ನ ಒಡೆಯನಾದ ಚಂಡಾಲನ ಅಪ್ಪಣೆಯಿಲ್ಲದೆ ಬರಲಾರೆ. ಆಗ ಗೊತ್ತಾಗುತ್ತದೆ, ಆ ಚಂಡಾಲನಾಗಿ ಬಂದಿದ್ದವನು ಸಾಕ್ಷಾತ್ ಧರ್ಮದೇವತೆ ಎಂದು. ಎರಡು, ನನಗಾಗಿ ಅತ್ತ ಅಯೋಧ್ಯೆಯ ಜನರನ್ನು ಬಿಟ್ಟು ಬರಲಾರೆ, ನನ್ನ ಪುಣ್ಯವನ್ನು ಅವರಿಗೂ ಹಂಚಿ. ಮೊದಲು ತನ್ನ ವ್ರತದ ಸುಂಕವನ್ನು ಬೇರೆಯವರು ಕಟ್ಟಿದ್ದರು. ಕೊನೆಗೆ ತನ್ನ ಗಳಿಕೆಯಲ್ಲೇ ಬೇರೆಯವರಿಗೆ ಪಾಲು ಕೊಟ್ಟ. ಕಥೆ ಪೂರ್ತಿಯಾಗುವುದು ಅಲ್ಲಿ.

ಪುರಾಣ ಬೇಡ, ಇತ್ತೀಚಿನವರ ಉದಾಹರಣೆ ಕೊಡಿ ಎಂದರೆ ಕೊಡುತ್ತೇನೆ. ರಾಜಕೋಟೆಯಲ್ಲಿ ಒಬ್ಬ ಹುಡುಗ ಹರಿಶ್ಚಂದ್ರ ನಾಟಕ ನೋಡಿ, ಅದನ್ನು ಮನಸ್ಸಿನಲ್ಲೇ ಲೆಕ್ಕವಿಲ್ಲದಷ್ಟು ಸಲ ಆಡಿಕೊಂಡ. ಎಲ್ಲರೂ ಏಕೆ ಹರಿಶ್ಚಂದ್ರನಂತೆ ಇರಬಾರದು ಎಂಬುದು ಅವನ ಯೋಚನೆ. ಹುಡುಗ ಬೆಳೆದು ಲಂಡನ್ನಿಗೆ ಓದಲು ಹೋದಾಗ ಬೈಬಲ್ಲಿನ ಹೊಸ ಒಡಂಬಡಿಕೆ ಓದಿದ. ಯೇಸು ಬೆಟ್ಟದ ಮೇಲೆ ಕುಳಿತು ಮಾಡಿದ ಉಪದೇಶ ಅವನ ಹೃದಯಕ್ಕೆ ನೇರವಾಗಿ ಹೊಕ್ಕಿತು. ಅದನ್ನು ಗೀತೆಯ ಜೊತೆ ಹೋಲಿಸಿ ನೋಡಿದ. ಕ್ರೈಸ್ತನಾಗಲಿಲ್ಲ, ಆದರೆ ಆ ಉಪದೇಶವನ್ನು ಕಡೆಯವರೆಗೂ ಬಿಡಲಿಲ್ಲ. ಆ ಹುಡುಗ ಮೋಹನದಾಸ ಗಾಂಧಿ ಎಂದು ನೀವು ಊಹಿಸಿರುತ್ತೀರಿ.

ಗಾಂಧೀಜಿಯವರು 1893ರಲ್ಲಿ ದಕ್ಷಿಣ ಆಫ್ರಿಕಾಕ್ಕೆ ಹೋದದ್ದು ದಾದಾ ಅಬ್ದುಲ್ಲಾ ಎಂಬ ವ್ಯಾಪಾರಿಯ ಮೊಕದ್ದಮೆಗಾಗಿ. ಎದುರಾಳಿ ಅವರ ಬಂಧುವೇ ಆದ ತಯ್ಯಬ್ ಸೇಠ್. ಮೊಕದ್ದಮೆ ಎಳೆದಷ್ಟೂ ವಕೀಲರಿಗೆ ಲಾಭ, ಎರಡು ಮನೆಗೂ ನಷ್ಟ. ಗಾಂಧೀಜಿ ಇಬ್ಬರನ್ನೂ ಪಂಚಾಯಿತಿಗೆ ಒಪ್ಪಿಸಿದರು. ದಾದಾ ಅಬ್ದುಲ್ಲಾ ಗೆದ್ದರು. ಬರಬೇಕಾದ ಹಣ ಸುಮಾರು 37,000 ಪೌಂಡ್. ಒಂದೇ ಸಲ ಕೇಳಿದರೆ ತಯ್ಯಬ್ ಸೇಠ್ ದಿವಾಳಿಯಾಗುತ್ತಿದ್ದರು. ಗಾಂಧೀಜಿ ಅಲ್ಲಿಗೆ ಕೈ ತೊಳೆದುಕೊಳ್ಳಲಿಲ್ಲ. ಕಂತುಗಳಲ್ಲಿ ಹಣ ಪಡೆಯುವಂತೆ ಗೆದ್ದವರನ್ನು ಒಪ್ಪಿಸಿದರು. ಪಂಚಾಯಿತಿಗೆ ಒಪ್ಪಿಸಿದ್ದಕ್ಕಿಂತ ಇದು ಕಷ್ಟವಾಯಿತು ಎಂದು ಅವರೇ ಬರೆದಿದ್ದಾರೆ. ಸತ್ಯವೂ ಉಳಿಯಿತು, ಎದುರಿಗಿದ್ದವನ ಮಾನವೂ ಉಳಿಯಿತು. ನಂಬಿಕೆ ದಿನದ ವ್ಯವಹಾರಕ್ಕೆ ಇಳಿದರೆ ಹೀಗಿರುತ್ತದೆ.

ಆದರೆ ಅದೇ ಗಾಂಧೀಜಿ 1898ರಲ್ಲಿ ಡರ್ಬನ್ನಿನ ತಮ್ಮ ಮನೆಯಲ್ಲಿ ಏನು ಮಾಡಿದರು ಗೊತ್ತೇ? ಅವರ ಗುಮಾಸ್ತರು ಮನೆಯಲ್ಲೇ ಇರುತ್ತಿದ್ದರು. ಕೋಣೆಗಳಿಗೆ ನೀರಿನ ವ್ಯವಸ್ಥೆಯಿಲ್ಲ, ಮೂತ್ರದ ಪಾತ್ರೆಗಳನ್ನು ಮನೆಯವರೇ ಚೊಕ್ಕ ಮಾಡಬೇಕು. ಗುಮಾಸ್ತರಲ್ಲಿ ಒಬ್ಬನು ಕ್ರೈಸ್ತ, ಪಂಚಮ ಕುಲದ ತಂದೆತಾಯಿಗಳಿಗೆ ಹುಟ್ಟಿದವನು. ಅವನ ಪಾತ್ರೆ ಎತ್ತಲು ಕಸ್ತೂರಬಾ ಅವರಿಗೆ ಮನಸ್ಸಾಗಲಿಲ್ಲ. ಅಳುತ್ತಾ ಎತ್ತಿಕೊಂಡು ಹೋದರು. ಗಾಂಧೀಜಿಗೆ ಅದೂ ಸಾಲದು, ನಗುನಗುತ್ತಾ ಮಾಡಬೇಕೆಂದು ಹಟ. ಮಾತಿಗೆ ಮಾತು ಬೆಳೆದು ಕಸ್ತೂರಬಾರ ಕೈ ಹಿಡಿದು ಗೇಟಿನವರೆಗೆ ಎಳೆದುಕೊಂಡು ಹೋದರು. ಪರದೇಶದಲ್ಲಿ ತಂದೆತಾಯಿ ಬಂಧುಬಳಗ ಯಾರೂ ಇಲ್ಲ, ನಾನು ಎಲ್ಲಿಗೆ ಹೋಗಲಿ, ನಿಮಗೆ ನಾಚಿಕೆಯಿಲ್ಲವೇ ಎಂದು ಆಕೆ ಕೇಳಿದ ಮೇಲೆ ಗೇಟು ಮುಚ್ಚಿದರು. ಇದನ್ನೆಲ್ಲಾ ಬರೆದವರೂ ಗಾಂಧೀಜಿಯೇ, ತಮ್ಮ ಆತ್ಮಕಥೆಯಲ್ಲಿ.

ಎರಡು ಘಟನೆಗಳನ್ನು ಪಕ್ಕ ಪಕ್ಕ ಇಡಿ. ಮನುಷ್ಯ ಒಬ್ಬನೇ, ನಂಬಿಕೆ ಒಂದೇ. ಅಸ್ಪೃಶ್ಯತೆ ತಪ್ಪು ಎಂಬ ಅವರ ಮಾತಿನಲ್ಲಿ ಒಂದಿಷ್ಟೂ ದೋಷವಿಲ್ಲ. ಕಸ್ತೂರಬಾರ ಮನಸ್ಸಿನಲ್ಲಿದ್ದ ಮೈಲಿಗೆಯ ಭಾವನೆಯೇ ಸರಿಯಲ್ಲ. ಆದರೂ ಗೇಟಿನ ಬಳಿ ನಡೆದದ್ದು ಕ್ರೌರ್ಯ. ಮೊದಲ ಘಟನೆಯಲ್ಲಿ ಅವರ ನಂಬಿಕೆ ಅವರಿಂದಲೇ ದುಡಿಮೆ ಕೇಳಿತು. ತಾಳ್ಮೆಯಿಂದ ಇಬ್ಬರ ಮನೆಗೂ ಅಲೆಯಬೇಕಾಯಿತು. ಎರಡನೆಯದರಲ್ಲಿ ಅವರ ನಂಬಿಕೆಯ ಸುಂಕವನ್ನು ಇನ್ನೊಬ್ಬರು, ಅದೂ ಅಳುತ್ತಾ, ಕಟ್ಟಬೇಕಾಯಿತು.

ಈ ತಿಂಗಳು ನಿಮಗೆ ನಾನು ಹೇಳಬೇಕೆಂದಿರುವ ಮಾತು ಇಷ್ಟೇ. ನಿಮ್ಮ ನಂಬಿಕೆ ಯಾವುದೇ ಇರಲಿ, ಜನರೊಡನೆ ನಡೆದುಕೊಳ್ಳುವಾಗ ಒಂದು ಪ್ರಶ್ನೆ ಕೇಳಿಕೊಳ್ಳಿ: "ಇದರ ಸುಂಕ ಕೊಡುತ್ತಿರುವವರು ಯಾರು?" ನೀವೇ ಕೊಡುತ್ತಿದ್ದರೆ ಸರಿಯಾದ ದಾರಿಯಲ್ಲಿದ್ದೀರಿ. ಬೇರೆಯವರ ಕಿಸೆಯಿಂದ ಹೋಗುತ್ತಿದ್ದರೆ ನಿಂತು ಯೋಚಿಸಿ. ಬೆಟ್ಟದ ಮೇಲಿನ ಉಪದೇಶದಲ್ಲಿ ಯೇಸು ಹೇಳುವುದೂ ಇದೇ. ಬೇರೆಯವರ ಕಣ್ಣಿನ ಕಸ ತೆಗೆಯಲು ಹೋಗುವವನು ಮೊದಲು ತನ್ನ ಕಣ್ಣಿನಲ್ಲಿರುವ ತೊಲೆಯನ್ನು ನೋಡಿಕೊಳ್ಳಬೇಕು. ಹನ್ನೆರಡನೆಯ ಶತಮಾನದಲ್ಲಿ ನಮ್ಮ ಬಸವಣ್ಣನವರೂ ಲೋಕವನ್ನು ತಿದ್ದಲು ಹೊರಟವರಿಗೆ ಮೊದಲು ತಮ್ಮನ್ನು ತಿದ್ದಿಕೊಳ್ಳಲು ಹೇಳಿದರು. ನಿಮ್ಮ ಕ್ರಿಶ್ಚಿಯನ್ ಗೆಳತಿ ಬೆಳಿಗ್ಗೆ ತಾನೇ ಹೋಗಿ ಮಾತನಾಡಿಸುತ್ತಾಳಲ್ಲ, ಅವಳು ಮಾಡುತ್ತಿರುವುದು ಅದನ್ನೇ. ಎದುರಿನವಳು ಬದಲಾಗಲಿ ಎಂದು ಕಾಯದೆ ತನ್ನ ಪಾಲನ್ನು ತಾನು ಕಟ್ಟುತ್ತಿದ್ದಾಳೆ. ಹಾಗೆ ಮಾಡಲು ನೀವು ಧರ್ಮ ಬದಲಿಸಬೇಕಾಗಿಲ್ಲ. ನಿಮ್ಮ ಮನೆಯ ದೀಪದ ಮುಂದೆ ಕುಳಿತೂ ಅದನ್ನು ಮಾಡಬಹುದು.

ಇನ್ನು ಕೆಲವು ನಿತ್ಯದ ಸಂಗತಿಗಳು.

ನೀವು ಸಸ್ಯಾಹಾರಿ, ರೂಮ್‌ಮೇಟ್ ಅಲ್ಲ ಎನ್ನಿ. ನಿಮ್ಮ ಪಾತ್ರೆ ಬೇರೆ ಇಟ್ಟುಕೊಳ್ಳಿ, ಬೇಕಾದರೆ ಎರಡು ಸಲ ತೊಳೆಯಿರಿ. ಅದು ನಿಮ್ಮ ವ್ರತ, ನಿಮ್ಮ ಸುಂಕ. ಅವಳು ಊಟಕ್ಕೆ ಕುಳಿತಾಗ ಮುಖ ಸಿಂಡರಿಸಿದರೆ ಸುಂಕವನ್ನು ಅವಳಿಂದ ಕಿತ್ತುಕೊಂಡಂತೆ.

"ನಾನು ಇದ್ದದ್ದನ್ನು ಇದ್ದ ಹಾಗೆ ಹೇಳುವವನು" ಎಂದು ಕೆಲವರು ಹೆಮ್ಮೆಪಡುತ್ತಾರೆ. ಗೆಳೆಯನ ಗುಟ್ಟನ್ನು ನಾಲ್ಕು ಜನರ ಮುಂದೆ ಬಿಚ್ಚಿ "ಸತ್ಯ ತಾನೇ" ಎನ್ನುವುದು ಹರಿಶ್ಚಂದ್ರನ ದಾರಿಯಲ್ಲ. ಅವನು ತನಗೆ ನಷ್ಟವಾಗುವ ಸತ್ಯಗಳನ್ನು ಉಳಿಸಿಕೊಂಡು ಪ್ರಸಿದ್ಧನಾದ. ನಿಮ್ಮ ಅಂಕಪಟ್ಟಿಯ ಬಗ್ಗೆ, ನೀವು ಯಾರೊಡನೆ ಸುತ್ತುತ್ತಿದ್ದೀರಿ ಎಂಬುದರ ಬಗ್ಗೆ ಮನೆಯಲ್ಲಿ ಹೇಳಬೇಕಾದ ಸತ್ಯ ಇದ್ದರೆ ಅಲ್ಲಿಂದ ಶುರು ಮಾಡಿ.

ಕ್ಷಮೆಯ ವಿಷಯದಲ್ಲೂ ಒಂದು ಎಚ್ಚರಿಕೆ. ಕ್ಷಮಿಸುವುದು ಎಂದರೆ ಹೊಡೆತ ತಿನ್ನುತ್ತಾ ಸುಮ್ಮನಿರುವುದಲ್ಲ. ಯಾರಾದರೂ ನಿಮ್ಮ ಮೇಲೆ ಕೈ ಮಾಡಿದರೆ, ಬಣ್ಣಕ್ಕಾಗಿ ಹೆಸರಿಗಾಗಿ ದಿನವೂ ಕಾಡಿದರೆ, ಮುಟ್ಟಬಾರದ ಹಾಗೆ ಮುಟ್ಟಿದರೆ, ಅಪ್ಪ ಅಮ್ಮನಿಗೆ ಹೇಳಿ, ಟೀಚರಿಗೆ ಹೇಳಿ. ಮನೆಯವರೇ ಹಾಗೆ ಮಾಡಿದರೆ ಹೊರಗಿನ ನಂಬಿಕಸ್ಥ ಹಿರಿಯರಿಗೆ ಹೇಳಿ. "ದೊಡ್ಡ ಮನಸ್ಸು ಮಾಡು, ಸಹಿಸಿಕೋ" ಎಂದು ಯಾರಾದರೂ ಉಪದೇಶ ಮಾಡಿದರೆ ಅವರನ್ನೂ ಅದೇ ಪ್ರಶ್ನೆ ಕೇಳಿ: ಉಪದೇಶ ನಿಮ್ಮದು, ಸುಂಕ ಯಾರದು? ಯೇಸುವಾಗಲಿ ಬಸವಣ್ಣನಾಗಲಿ ದುರ್ಬಲರ ಬೆನ್ನ ಮೇಲೆ ತಮ್ಮ ಧರ್ಮವನ್ನು ಕಟ್ಟಲಿಲ್ಲ.

ಹಿರಿಯರಾದ ನಾವೂ ಈ ಲೆಕ್ಕದಿಂದ ಹೊರಗಿಲ್ಲ. "ನಮ್ಮ ಸಂಪ್ರದಾಯ, ನಮ್ಮ ಜಾತಿ, ನಾಲ್ಕು ಜನ ಏನಂದಾರು" ಎಂದು ನಿಮ್ಮ ಮದುವೆಯ ಮಾತು ಬಂದಾಗ ನಾವು ಹಟ ಹಿಡಿಯುತ್ತೇವೆ. ನಂಬಿಕೆ ನಮ್ಮದು, ಸುಂಕ ಮಕ್ಕಳದು. ಲೋಹಿತಾಶ್ವನನ್ನು ಯಾರೂ ಕೇಳಲಿಲ್ಲ ಎಂದೆನಲ್ಲ, ನಿಮ್ಮನ್ನಾದರೂ ನಾವು ಕೇಳಬೇಕು. ಈ ಪುಟವನ್ನು ಅಪ್ಪ ಅಮ್ಮನಿಗೆ ಓದಿ ಹೇಳುವ ಧೈರ್ಯ ನಿಮಗಿದ್ದರೆ ಓದಿ ಹೇಳಿ. ಅವರು ಊರು ಬಿಟ್ಟು ಬಂದು ನಿಮಗಾಗಿ ಕಟ್ಟಿದ ಸುಂಕವನ್ನೂ ಆಗ ಮರೆಯದೆ ನೆನೆಯಿರಿ.

ಕೊನೆಯದಾಗಿ ಮತ್ತೆ ಆ ಘಾಟಿನ ಮಾತು. ಅಲ್ಲಿ ಚಿತೆಗೆ ಬೆಂಕಿ ಕೊಡುವವರು ಡೋಮ್ ಸಮುದಾಯದವರು. ಎಷ್ಟು ದೊಡ್ಡ ಪಂಡಿತನೇ ಸತ್ತಿರಲಿ, ಎಷ್ಟು ಮಡಿಯ ಮನೆತನವೇ ಇರಲಿ, ಬೆಂಕಿಯನ್ನು ಅವರ ಕೈಯಿಂದಲೇ ಪಡೆಯಬೇಕು, ಅದಕ್ಕೆ ಹಣ ಕೊಡಬೇಕು. ಅಲ್ಲೀಗ ವಿದ್ಯುತ್ ಚಿತಾಗಾರವೂ ಇದೆ, 1980ರ ದಶಕದ ಕೊನೆಯಲ್ಲಿ ಬಂದದ್ದು. ಆದರೂ ಸೌದೆಯ ಚಿತೆಗಳು ಹಗಲಿರುಳು ಉರಿಯುತ್ತಲೇ ಇವೆ. ಡೋಮರ ಮುಖ್ಯಸ್ಥನನ್ನು ಕಾಶಿಯ ಜನ ಡೋಮ್ ರಾಜ ಎಂದು ಕರೆಯುತ್ತಾರೆ. ಡೋಮ್ ರಾಜ ಜಗದೀಶ ಚೌಧರಿಯವರು 2020ರಲ್ಲಿ ತೀರಿಕೊಂಡರು. 2021ರಲ್ಲಿ ಅವರಿಗೆ ಮರಣೋತ್ತರವಾಗಿ ಪದ್ಮಶ್ರೀ ಬಂತು. ಮೋಕ್ಷಕ್ಕೆ ಬೇಕಾದ ಬೆಂಕಿಯನ್ನು ಯಾರ ಕೈಯಿಂದ ಪಡೆದರೋ ಅವರನ್ನೇ ಶತಮಾನಗಳ ಕಾಲ ಜನ ಮುಟ್ಟದೆ ಇಟ್ಟರು. ಹಾಡು ಬೇಕು, ಹಾಡಿದವಳು ಬೇಡ ಎಂದ ಸಭೆಯ ಹಾಗೆಯೇ ಇದು. ಭಕ್ತಿಗೆ ಕಾಶಿಯಲ್ಲಿ ಎಂದೂ ಬರವಿರಲಿಲ್ಲ. ಆ ಭಕ್ತಿ ಪಕ್ಕದ ಮನುಷ್ಯನವರೆಗೆ ತಲುಪಲಿಲ್ಲ, ಅಷ್ಟೇ.

ನಿಮ್ಮ ಶಾಲೆಯ ಊಟದ ಹಾಲಿನಲ್ಲಿ ಒಬ್ಬನೇ ಕುಳಿತು ತಿನ್ನುವ ಹುಡುಗ ಇದ್ದಾನಲ್ಲವೇ? ನಮ್ಮ ಸಂಘದ ಕಾರ್ಯಕ್ರಮ ಮುಗಿದ ಮೇಲೆ ಕುರ್ಚಿ ಮಡಚುವ, ಪಾತ್ರೆ ತೊಳೆಯುವ ಒಂದಿಬ್ಬರು ಆಂಟಿ ಅಂಕಲ್ ಇದ್ದಾರಲ್ಲವೇ? ನಿಮ್ಮ ನಂಬಿಕೆ ಅವರವರೆಗೆ ತಲುಪುತ್ತದೆಯೋ ನೋಡಿ. ಮುಂದಿನ ಹಬ್ಬದ ಊಟ ಮುಗಿದ ಮೇಲೆ ನಿಮ್ಮಲ್ಲಿ ನಾಲ್ಕು ಜನ ಅಡುಗೆಮನೆಗೆ ಹೋಗಿ ಆ ಆಂಟಿಯ ಕೈಯಿಂದ ಪಾತ್ರೆ ಇಸಿದುಕೊಂಡರೆ, ಈ ಅಂಕಣ ಬರೆದದ್ದಕ್ಕೆ ನನಗೆ ಅಷ್ಟೇ ಸಾಕು.

ನಿಮ್ಮ ಪ್ರಶ್ನೆಗಳನ್ನು ಕಳಿಸುತ್ತಿರಿ. ಮುಂದಿನ ಸಂಚಿಕೆಯಲ್ಲಿ ಭೇಟಿಯಾಗೋಣ.